ಬೀಸಣಿಗೆಗೆ ಯಜಮಾನರಾರು?

ಮೋಟಾರು ಬಂಡಿಯು ಬೆಂಕಿಯ ಬಲದಿಂದ ಓಡುತ್ತದೆಂಬುದನ್ನು ಎಲ್ಲರೂ ಬಲ್ಲರು. ಆ ಬೆಂಕಿಯ ಬಹುಭಾಗವನ್ನು ಹೊರಕ್ಕೆ ಚೆಲ್ಲುವುದೂ ಬಂಡಿಯ ಉದ್ಯೋಗವೇ ಎಂಬುದು ಮಾತ್ರ, ಅದು ನಡುದಾರಿಯಲ್ಲಿ ನಿಂತು ಹಬೆಯುಗುಳುವವರೆಗೂ ಯಾರ ನೆನಪಿಗೂ ಬರುವುದಿಲ್ಲ. ಉರಿದ ಪೆಟ್ರೋಲಿನ ಶಾಖದಲ್ಲಿ ಚಕ್ರಗಳಿಗೆ ದಕ್ಕುವುದು ಮೂರರಲ್ಲೊಂದು ಪಾಲಿಗೂ ಕಡಮೆ. ಹೆಚ್ಚುಕಡಮೆ ಅಷ್ಟೇ ಪಾಲು ಹೊಗೆಯೊಡನೆ ಹಿಂದಣ ಕೊಳವೆಯಿಂದ ಹೊರಟುಹೋಗುತ್ತದೆ. ಮಿಕ್ಕುದನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತು ತಂದು ರೇಡಿಯೇಟರಿಗೆ ಒಪ್ಪಿಸುತ್ತದೆ. ರೇಡಿಯೇಟರು ಅದನ್ನು ಗಾಳಿಗೆ ಒಪ್ಪಿಸುತ್ತದೆ. ಬಂಡಿ ಓಡುತ್ತಿರುವಾಗ ಗಾಳಿ ತಾನಾಗಿಯೇ ಬರುತ್ತದೆ. ನಿಂತಾಗ ಅದನ್ನು ಕರೆತರಬೇಕು. ಬೀಸಣಿಗೆಯಿರುವುದು ಅದಕ್ಕೆ.

ಹಳೆಯ ಬಂಡಿಗಳಲ್ಲಿ ಈ ಬೀಸಣಿಗೆಯನ್ನು ಎಂಜಿನ್ನೇ ಒಂದು ಪಟ್ಟಿಯ ಮೂಲಕ ತಿರುಗಿಸುತ್ತದೆ. ಏರ್ಪಾಡು ಸರಳವಾದುದು, ಗಟ್ಟಿಯಾದುದು. ಆದರೆ ಅದರಲ್ಲೊಂದು ವಿಪರೀತವುಂಟು. ಬಯಲು ದಾರಿಯಲ್ಲಿ ಎಂಜಿನ್ ವೇಗವಾಗಿ ತಿರುಗುವಾಗ ಬೀಸಣಿಗೆಯೂ ಭರದಿಂದ ತಿರುಗುತ್ತದೆ; ಆದರೆ ಬಂಡಿಯೇ ಗಾಳಿಗೆ ಎದುರಾಗಿ ಓಡುತ್ತಿರುವುದರಿಂದ ಆಗ ಅದರ ಸೇವೆ ಬೇಕಿಲ್ಲ. ಬಂಡಿ ನಿಂತು ಎಂಜಿನ್ ಮೆಲ್ಲಗೆ ಉಸಿರಾಡುತ್ತಿರುವಾಗ, ಎಂದರೆ ಗಾಳಿ ನಿಜವಾಗಿ ಬೇಕಾದಾಗ, ಬೀಸಣಿಗೆಯೂ ತೂಕಡಿಸುತ್ತದೆ. ಉಂಡವನಿಗೆ ಮತ್ತೆ ಮತ್ತೆ ಬಡಿಸಿ, ಹಸಿದವನ ಮುಂದೆ ಬರಿಯ ಎಲೆ ಹಾಸುವ ಮನೆಯ ಪರಿಪಾಟಿ ಇದು. ವಿದ್ಯುತ್ತಿನಿಂದ ತಿರುಗುವ ಬೀಸಣಿಗೆಗೆ ಈ ದೋಷವಿಲ್ಲ. ೧೯೬೧ರಲ್ಲಿ ಹೊರಬಂದ ಜಾಗ್ವಾರ್ ಇ-ಟೈಪ್ ಬಂಡಿಯಲ್ಲಿ ಅದು ಮೊದಲಿನಿಂದಲೇ ಇದ್ದಿತು. ಮುಂದೆ ಎಂಜಿನ್ನನ್ನು ಅಡ್ಡಲಾಗಿ ಕೂರಿಸುವ ಪದ್ಧತಿ ಹಬ್ಬಿ, ಪಟ್ಟಿಯ ಗಾಲಿ ರೇಡಿಯೇಟರಿಗೆ ವಿಮುಖವಾದ ಮೇಲೆ ಸರ್ವಸಾಮಾನ್ಯವಾಯಿತು. ಈಗ ಹಳೆಯ ಬಂಡಿಗಳನ್ನು ಅಕ್ಕರೆಯಿಂದ ಸಾಕುವವರೂ ಅದನ್ನು ಸೇರಿಸಿಕೊಳ್ಳುವುದುಂಟು.

ಬೀಸಣಿಗೆಯನ್ನು ಕೊಳ್ಳುವುದು ಸುಲಭ. ಅದಕ್ಕೆ ‘ಈಗ ತಿರುಗು, ಈಗ ನಿಲ್ಲು’ ಎಂದು ಅಪ್ಪಣೆ ಕೊಡತಕ್ಕ ನಿಯಾಮಕವನ್ನು ಆರಿಸುವುದೇ ಕಷ್ಟ. ತೀರ್ಥಹಳ್ಳಿಯ ಸೀಮೆಯ ವೃದ್ಧ ವೈದ್ಯರೊಬ್ಬರ ಮನೆಯಲ್ಲಿ ಈ ಆಯ್ಕೆಗೆ ನಾಲ್ಕು ತಿಂಗಳು ಹಿಡಿಯಿತು.

ವೈದ್ಯರ ಬಂಡಿ ಮಾರಿಸ್ ಮೈನರ್ ೧೦೦೦. ಆಲೆಕ್ ಇಸಿಗೋನಿಸ್ ಎಂಬ ಕುಶಲಿಯು ರೂಪಿಸಿ, ೧೯೪೮ರ ಲಂಡನ್ ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದು, ೧೯೭೧ರವರೆಗೂ ತಯಾರಾಗುತ್ತಿದ್ದ ದುಂಡುಮೈಯ ಸಣ್ಣ ಬಂಡಿಗಳ ಕುಲಕ್ಕೆ ಸೇರಿದ್ದು. ಇವರದು ೧೯೬೦ರದು, ಎಂಜಿನ್ ೯೪೮ ಘನ ಸೆಂಟಿಮೀಟರಿನದು. ಅವರ ತಂದೆ, ಅವರೂ ವೈದ್ಯರೇ, ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ ೧೯೬೨ರಲ್ಲಿ ಹಿಂದಿರುಗುವಾಗ ಹಡಗಿನಲ್ಲಿ ತಂದರು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಅದು ಎಷ್ಟು ಬಾರಿ ಹತ್ತಿಳಿದಿದೆಯೋ ಬಲ್ಲವರಿಲ್ಲ. ನಡುರಾತ್ರಿಯ ಹೆರಿಗೆಗಳಿಗೆ ಹೋದದ್ದೂ ಅದೇ, ಮನೆಯ ಮದುವೆಗಳಿಗೆ ಬಾಳೆಗೊನೆ ಹೊತ್ತದ್ದೂ ಅದೇ.

ಈ ಬಂಡಿಯಲ್ಲಿ ಶಾಖಮಾಪಕವಿಲ್ಲ. ಅದನ್ನು ಮಾಡಿದವರು ಇಡಲಿಲ್ಲ. ನಡುವೆ ಒಂದು ದೊಡ್ಡ ವೇಗಮಾಪಕ, ಅದರೊಳಗೆ ಪೆಟ್ರೋಲಿನ ಅಳತೆ, ಒಂದೆರಡು ಪುಟ್ಟ ದೀಪಗಳು, ಇಷ್ಟೇ. ಸಾವಿರಾರು ಜನರ ನಾಲಗೆಯ ಕೆಳಗೆ ಥರ್ಮಾಮೀಟರ್ ಇಟ್ಟ ವೈದ್ಯರು ತಮ್ಮ ಬಂಡಿಯ ಜ್ವರವನ್ನು ಮಾತ್ರ ಮೂಗಿನಿಂದ ಅಳೆಯುತ್ತಿದ್ದರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತಾರ್ಕಿಕರ ಅನುಮಾನ. ವೈದ್ಯರದು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ಹೊಗೆಯೂ ಏಳುವ ಮೊದಲೇ, ರಬ್ಬರು ಕಾದ ವಾಸನೆಯಿಂದ, ಎಂಜಿನ್ನಿನ ದನಿ ತುಸು ಒರಟಾದುದರಿಂದ, ಪಾದದ ಬಳಿಯ ತಗಡು ಬಿಸಿಯೇರಿದುದರಿಂದ ಅವರಿಗೆ ಸಂಗತಿ ತಿಳಿಯುತ್ತಿದ್ದಿತು. ಐವತ್ತು ವರ್ಷಗಳಲ್ಲಿ ಬಂಡಿ ಅವರ ಕೈಯಲ್ಲಿ ಒಮ್ಮೆಯೂ ಕುದಿದಿರಲಿಲ್ಲ.

ಆದರೆ ವೈದ್ಯರ ಕಣ್ಣು ಮಂಜಾಯಿತು. ಬಂಡಿ ನಡೆಸುವುದು ನಿಂತಿತು. ಬೆಂಗಳೂರಿನಲ್ಲಿ ಅಧ್ಯಾಪಕಿಯಾಗಿರುವ ಮಗಳು ಅದನ್ನು ತಾನು ಇಟ್ಟುಕೊಳ್ಳುವೆನೆಂದಳು. ಹೀಗೆ ಒಮ್ಮೆ ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಬೆಂಗಳೂರಿಗೆ ಹೊರಟಾಗ, ಘಟ್ಟದಲ್ಲಿ ಕುದಿಯದ ಬಂಡಿ ಗೊರಗುಂಟೆಪಾಳ್ಯದಲ್ಲಿ ಕುದಿಯಿತು. ಇದರಲ್ಲಿ ಸೋಜಿಗವೇನೂ ಇಲ್ಲ. ಘಟ್ಟದಲ್ಲಿ ಬಂಡಿ ನಿಧಾನವಾದರೂ ಕೆಳಗಿನ ಗೇರಿನಲ್ಲಿ ಎಂಜಿನ್ ವೇಗವಾಗಿ ತಿರುಗುವುದರಿಂದ ಪಟ್ಟಿಯ ಬೀಸಣಿಗೆ ತನ್ನ ಕೆಲಸವನ್ನು ಮಾಡುತ್ತದೆ. ಬೆಂಗಳೂರಿನ ಬಾಗಿಲಿನಲ್ಲಿ ಲಾರಿಗಳ ನಡುವೆ ಮುಕ್ಕಾಲು ಗಂಟೆ ನಿಂತಾಗ ಬಂಡಿಯೂ ಇಲ್ಲ, ಬೀಸಣಿಗೆಯೂ ಇಲ್ಲ ಎಂಬಂತಾಗುತ್ತದೆ. ಸೋಜಿಗವೆಂದರೆ ಇದು: ಹಬೆ ಕಾಣಿಸಿಕೊಳ್ಳುವುದಕ್ಕೆ ಎರಡು ನಿಮಿಷ ಮೊದಲೇ ವೈದ್ಯರು “ಪಕ್ಕಕ್ಕೆ ನಿಲ್ಲಿಸು” ಎಂದಿದ್ದರು. ಅವಳಿಗೆ ಪಕ್ಕವೂ ದೊರೆಯಲಿಲ್ಲ, ಕಾರಣವೂ ತಿಳಿಯಲಿಲ್ಲ. ಆಮೇಲೆ ಕೇಳಿದಾಗ ತಂದೆ “ವಾಸನೆ ಬರಲಿಲ್ಲವೆ?” ಎಂದರು. ಅವಳಿಗೆ ಬಂದದ್ದು ಸಾವಿರ ಬಂಡಿಗಳ ಹೊಗೆಯ ವಾಸನೆ ಮಾತ್ರ.

ಒಮ್ಮೆ ಕುದಿದರೆ ಏನಾಯಿತು, ನೀರು ಹೊಯ್ದರೆ ಸರಿ ಎಂದುಕೊಳ್ಳುವಂತಿಲ್ಲ. ಹಾಗೆ ಕೆಲವು ಬಾರಿ ಆದರೆ ಎಂಜಿನ್ನಿನ ತಲೆಯ ಎರಕ ಬಾಗುತ್ತದೆ. ಅದರಡಿಯ ಗ್ಯಾಸ್ಕೆಟ್ಟು ಸೀಳುತ್ತದೆ. ನೀರು ಎಣ್ಣೆಯೊಳಕ್ಕೂ ಎಣ್ಣೆ ನೀರೊಳಕ್ಕೂ ಸೇರುತ್ತದೆ. ಬಂಡಿಯನ್ನು ಮಗಳಿಗೆ ಕೊಡಬಹುದು. ಮೂಗನ್ನು ಕೊಡಲು ಬರುವುದಿಲ್ಲ. ಆ ಮೂಗಿನ ಬದಲು ಏನನ್ನು ಕೊಡಬೇಕೆಂಬುದೇ ಮನೆಯ ಪ್ರಶ್ನೆಯಾಯಿತು.

ಶಿವಮೊಗ್ಗೆಯಲ್ಲಿ ಇಂಥ ಬಂಡಿಗಳ ಮರ್ಮವನ್ನು ಬಲ್ಲ ಮುದುಕ ಮೇಸ್ತ್ರಿಯೊಬ್ಬರುಂಟು. ಬೀಸಣಿಗೆಯ ಮಾತೆತ್ತಿದಾಗ ಅವರು ಅದನ್ನು ಕಿವಿಗೇ ಹಾಕಿಕೊಳ್ಳದೆ ರೇಡಿಯೇಟರನ್ನು ಬಿಚ್ಚಿದರು. ಕೊಳವೆಬಾವಿಯ ಗಡಸುನೀರನ್ನು ವರ್ಷಗಟ್ಟಲೆ ಕುಡಿದ ಅದರ ನಾಳಗಳಲ್ಲಿ ಅರ್ಧಕ್ಕರ್ಧ ಸುಣ್ಣದಂಥ ಹಕ್ಕಳೆ ಕಟ್ಟಿಹೋಗಿದ್ದವು. ಕಟ್ಟಿದ ನಾಳಕ್ಕೆ ಎಷ್ಟು ಗಾಳಿ ಬೀಸಿದರೇನು? “ಮೊದಲು ಹೊಟ್ಟೆ ತೊಳೆಯಲಿ, ಆಮೇಲೆ ಮದ್ದು” ಎಂದ ಮೇಸ್ತ್ರಿಯ ಮಾತು ವೈದ್ಯರಿಗೆ ಬಹಳ ಹಿಡಿಸಿತು. ಪೇಟೆಯಲ್ಲಿ ಬೀಸಣಿಗೆಯನ್ನೂ ನಿಯಾಮಕವನ್ನೂ ಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ನಿಜವಾಗಿ ಬೇಕಾದುದು ಈ ತೊಳೆಯುವಿಕೆಯೇ.

ತೊಳೆದ ಮೇಲೆ ಬಂಡಿ ಶಿವಮೊಗ್ಗೆಯಲ್ಲಿ ತಣ್ಣಗಿದ್ದಿತು. ಆದರೂ ಬೆಂಗಳೂರಿನ ವಿಷಯದಲ್ಲಿ ಮೇಸ್ತ್ರಿಗೆ ಧೈರ್ಯ ಸಾಲಲಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ೯೦೦ ಮೀಟರಿಗೂ ಮಿಕ್ಕು ಎತ್ತರದಲ್ಲಿರುವುದರಿಂದ ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೯೭ ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಟ್ಟು ಆ ಮಿತಿಯನ್ನು ಏರಿಸುತ್ತದೆಂಬುದು ನಿಜ; ಈ ಬಂಡಿಯ ೭ ಪೌಂಡಿನ ಮುಚ್ಚಳದಿಂದ ಹತ್ತು ಡಿಗ್ರಿಯಷ್ಟು ಲಾಭವುಂಟು. ಆದರೆ ಅರುವತ್ತು ವರ್ಷದ ಬಂಡಿಯನ್ನು ಆ ಹತ್ತು ಡಿಗ್ರಿಯ ಅಂಚಿನಲ್ಲಿ ನಡೆಸುವುದು ಬಾವಿಯ ಕಟ್ಟೆಯ ಮೇಲೆ ಮಗುವನ್ನು ಆಡಿಸಿದಂತೆ. ಆದುದರಿಂದ ರೇಡಿಯೇಟರಿನ ಮುಂದೆ ಒಂದು ಸಣ್ಣ ವಿದ್ಯುತ್ ಬೀಸಣಿಗೆಯನ್ನು ಕೂರಿಸುವುದೆಂದೂ, ಪಟ್ಟಿಯ ಬೀಸಣಿಗೆಯನ್ನು ತೆಗೆಯದೆ ಹಾಗೆಯೇ ಬಿಡುವುದೆಂದೂ ನಿಶ್ಚಯವಾಯಿತು. ಹೊಸ ಆಳು ಬಂದನೆಂದು ಹಳೆಯ ಆಳನ್ನು ಅಂದೇ ಓಡಿಸತಕ್ಕದ್ದಲ್ಲ. ಹೊಸಬನು ಎಂದಾದರೂ ಕೈಕೊಟ್ಟರೆ ಹಳಬನಾದರೂ ಇರುತ್ತಾನೆ.

ಇನ್ನು ನಿಯಾಮಕ. ವೈದ್ಯರ ಮತ ಒಂದು ಕೈಗುಂಡಿಯ ಕಡೆಗಿದ್ದಿತು: ಬೇಕಾದಾಗ ಒತ್ತುವುದು, ಸಾಕಾದಾಗ ಎತ್ತುವುದು. ಮೂಗುಳ್ಳವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ಶಾಖಮಾಪಕವೂ ಇಲ್ಲದ ಬಂಡಿಯಲ್ಲಿ ಮಗಳು ಯಾವುದನ್ನು ನೋಡಿ ಒತ್ತಬೇಕು? ಒತ್ತಿದರೂ ಎತ್ತಲು ನೆನಪಿರಬೇಕಷ್ಟೆ. ಮನುಷ್ಯನ ನೆನಪನ್ನು ನೆಚ್ಚಿದ ಯಂತ್ರವು ಮನುಷ್ಯನಷ್ಟೇ ಗಟ್ಟಿ.

ಎರಡನೆಯದು, ನಾಣ್ಯದಗಲದ ಒಂದು ಲೋಹದ ಬಿಲ್ಲೆಯನ್ನು ಒಳಗೊಂಡ ಸ್ವಿಚ್ಚು. ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳ ತೆಳುಹಾಳೆಗಳನ್ನು ಬೆಸೆದು ಈ ಬಿಲ್ಲೆಯನ್ನು ಮಾಡಿರುತ್ತಾರೆ. ಗೊತ್ತಾದ ಶಾಖಕ್ಕೆ ಅದು ಟಕ್ಕನೆ ಮಗುಚಿಕೊಂಡು ವಿದ್ಯುತ್ತಿನ ಬಾಗಿಲನ್ನು ತೆರೆಯುತ್ತದೆ. ಆರಿದ ಮೇಲೆ ಮತ್ತೆ ಟಕ್ಕನೆ ಹಿಂದಕ್ಕೆ ಮಗುಚಿ ಮುಚ್ಚುತ್ತದೆ. ಮೇಸ್ತ್ರಿಯ ಬಳಿಯಿದ್ದುದು ೯೨ ಡಿಗ್ರಿಗೆ ತೆರೆದು ೮೭ಕ್ಕೆ ಮುಚ್ಚುವಂಥದು. ನಡುವಣ ಐದು ಡಿಗ್ರಿಯ ಅಂತರ ಅಜಾಗರೂಕತೆಯಲ್ಲ, ವಿವೇಕ. ತೆರೆಯುವುದೂ ಮುಚ್ಚುವುದೂ ಒಂದೇ ಅಂಕೆಗಾದರೆ ಬೀಸಣಿಗೆ ಕ್ಷಣಕ್ಕೊಮ್ಮೆ ಎದ್ದು ಕ್ಷಣಕ್ಕೊಮ್ಮೆ ಕೂರುತ್ತ ಬೇಗ ಹಾಳಾಗುತ್ತದೆ. ಹನಿ ನಿಂತಿತೆಂದು ಛತ್ರಿ ಮಡಿಸಿ, ಹನಿ ಬಿತ್ತೆಂದು ಬಿಡಿಸಿ ಹೆಜ್ಜೆಹೆಜ್ಜೆಗೂ ಹೀಗೆಯೇ ಮಾಡುವವನು ಮನೆ ಸೇರುವ ಹೊತ್ತಿಗೆ ನೆನೆದೇ ಇರುತ್ತಾನೆ.

ಈ ಬಿಲ್ಲೆಗೆ ತಿಳಿವು ಉಂಟು, ಬಲವಿಲ್ಲ. ಬೀಸಣಿಗೆಯ ಮೋಟಾರು ತಿರುಗತೊಡಗುವ ಕ್ಷಣದಲ್ಲಿ ತನ್ನ ನಿತ್ಯದ ಆಹಾರದ ಹಲವು ಪಟ್ಟು ವಿದ್ಯುತ್ತನ್ನು ಒಮ್ಮೆಲೇ ಸೆಳೆಯುತ್ತದೆ. ಅದು ನೇರವಾಗಿ ಬಿಲ್ಲೆಯ ಮೂಲಕ ಹರಿದರೆ ಅದರ ಮುಖ ಸುಟ್ಟುಹೋಗುವುದು. ಅದಕ್ಕಾಗಿ ರಿಲೇ ಎಂಬ ಇನ್ನೊಂದು ಉಪಕರಣ ಬೇಕು. ಒಳಗೊಂದು ತಂತಿಸುರುಳಿ, ಅದಕ್ಕೆ ಅತ್ಯಲ್ಪ ವಿದ್ಯುತ್ತು ಹರಿದರೆ ಅದು ಅಯಸ್ಕಾಂತವಾಗಿ ಒಂದು ದಪ್ಪ ಬಾಗಿಲನ್ನು ಎಳೆಯುತ್ತದೆ, ಮೋಟಾರಿಗೆ ಹೋಗತಕ್ಕ ಹೊಳೆಯೆಲ್ಲ ಆ ಬಾಗಿಲಿನಿಂದ. ರಿಲೇಗೆ ಬಲವುಂಟು, ತಿಳಿವಿಲ್ಲ. ಕುಂಟನನ್ನು ಕುರುಡನು ಹೆಗಲಮೇಲೆ ಹೊತ್ತು ಕಾಡು ದಾಟಿದ ಅಂಧಪಂಗುನ್ಯಾಯವನ್ನು ಸಾಂಖ್ಯರು ಎಷ್ಟೋ ದೊಡ್ಡ ವಿಷಯಕ್ಕೆ ಹೇಳಿದರು; ಮಾರಿಸ್ ಬಂಡಿಯ ಮೂತಿಯಲ್ಲಿ ಅದು ಅಕ್ಷರಶಃ ನಡೆಯುತ್ತದೆ.

ಮೂರನೆಯ ಬಗೆಯದಕ್ಕೆ ತಿರುವುಗುಬುಟು ಉಂಟು. ದ್ರವ ತುಂಬಿದ ತಾಮ್ರದ ಗುಂಡನ್ನು ನೀರಿನ ಕೊಳವೆಯೊಳಗೆ ತೂರಿಸಿ, ಕೂದಲಿನಷ್ಟು ಸಣ್ಣ ನಾಳದ ಮೂಲಕ ಅದರ ಒತ್ತಡವನ್ನು ಒಂದು ಪೆಟ್ಟಿಗೆಗೆ ತಂದಿರುತ್ತಾರೆ; ಎಷ್ಟು ಡಿಗ್ರಿಗೆ ಬೀಸಣಿಗೆ ಏಳಬೇಕೆಂಬುದನ್ನು ಗುಬುಟು ತಿರುಗಿಸಿ ಗೊತ್ತುಮಾಡಬಹುದು. ಇಂಗ್ಲೆಂಡಿನ ಹಳೆಯ ಬಂಡಿಗಳ ಸಾಹುಕಾರರಲ್ಲಿ ಕೆನ್‌ಲೋ ಹೆಸರಿನ ಇಂಥ ಬೀಸಣಿಗೆಗಳು ಬಹಳ ಬಳಕೆಯಲ್ಲಿದ್ದವು. ನಾಳವು ಕೊಳವೆಯನ್ನು ಹೊಗುವ ಕಡೆ ನೀರು ಜಿನುಗದಂತೆ ನೋಡಿಕೊಳ್ಳಬೇಕೆಂಬುದೊಂದು ಬಿಟ್ಟರೆ ಸಾಧನ ಒಳ್ಳೆಯದೇ. ಆದರೆ ಗುಬುಟಿನ ಸ್ವಾತಂತ್ರ್ಯದಲ್ಲಿ ಒಂದು ಅಪಾಯವಡಗಿದೆ. ಎಂಜಿನ್ನಿನ ಬಾಯಲ್ಲಿರುವ ಥರ್ಮೋಸ್ಟಾಟು ತೆರೆಯುವುದೇ ೮೨ ಡಿಗ್ರಿಗೆ. ಭಯಸ್ಥನೊಬ್ಬನು ‘ಇನ್ನಷ್ಟು ತಣ್ಣಗಿರಲಿ’ ಎಂದು ಗುಬುಟನ್ನು ೮೦ಕ್ಕೆ ತಿರುಗಿಸಿದನೆನ್ನೋಣ. ಬಿಸಿಯೇರಿದ ಬಂಡಿಯಲ್ಲಿ ಬೀಸಣಿಗೆ ನಿಲ್ಲುವ ಮಾತೇ ಇಲ್ಲ.

ನಿಲ್ಲದಿದ್ದರೆ ಏನು ನಷ್ಟ? ಇಲ್ಲಿಯೇ ಹಳೆಯ ಬಂಡಿಯ ಬಡತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಬೀಸಣಿಗೆ ಶಾಖವನ್ನು ಮಾತ್ರ ಕಳೆಯುವುದಿಲ್ಲ, ಬ್ಯಾಟರಿಯನ್ನೂ ಕಳೆಯುತ್ತದೆ. ಈ ಬಂಡಿಯ ವಿದ್ಯುತ್ತನ್ನು ಸಂಪಾದಿಸುವುದು ಈಗಿನ ಆಲ್ಟರ್ನೇಟರಲ್ಲ, ಹಳೆಯ ಡೈನಮೊ. ಅದರ ಪೂರ್ಣ ಸಂಪಾದನೆಯೇ ಸುಮಾರು ೨೦ ಆಂಪಿಯರ್. ಖರ್ಚು ನೋಡಿದರೆ ಎಂಜಿನ್ನಿನ ಕಿಡಿಗೆ ೩-೪, ದೀಪಗಳಿಗೆ ೯, ಮಳೆಯಾದರೆ ಗಾಜೊರಸುವ ಕಡ್ಡಿಗೆ ೨-೩, ಹೊಸ ಬೀಸಣಿಗೆಗೆ ೭. ಜಮಾ ಖರ್ಚು ಸರಿಸಮವಾಯಿತಲ್ಲ ಎಂದು ಹಿಗ್ಗುವಂತಿಲ್ಲ. ಡೈನಮೊ ದುಡಿಯುವುದು ಎಂಜಿನ್ ವೇಗವಾಗಿ ತಿರುಗುವಾಗ. ಬಂಡಿ ನಿಂತಿರುವಾಗ ಅದರ ಸಂಪಾದನೆ ಸೊನ್ನೆಗೆ ಸಮೀಪ, ಎದುರಿನ ಕೆಂಪು ದೀಪವೇ ಅದಕ್ಕೆ ಸಾಕ್ಷಿ. ಬೀಸಣಿಗೆ ಬೇಕಾಗುವುದಾದರೋ ನಿಂತಿರುವಾಗಲೇ! ಪಟ್ಟಿಯ ಬೀಸಣಿಗೆಯಲ್ಲಿ ಯಾವ ವಿಪರೀತವನ್ನು ಕಂಡು ವಿದ್ಯುತ್ತಿನ ಬೀಸಣಿಗೆಯನ್ನು ಕರೆತಂದರೋ, ಅದೇ ವಿಪರೀತ ಡೈನಮೊವಿನ ವೇಷದಲ್ಲಿ ಹಿಂದಣ ಬಾಗಿಲಿನಿಂದ ಒಳಗೆ ಬಂದು ಕುಳಿತಿದೆ. ಮಳೆಯ ರಾತ್ರಿಯಲ್ಲಿ ಗೊರಗುಂಟೆಪಾಳ್ಯದಲ್ಲಿ ಒಂದು ಗಂಟೆ ನಿಂತರೆ ಬಂಡಿ ಕುದಿಯದೆ ಉಳಿಯಬಹುದು, ಆದರೆ ಆರಿಸಿದ ಮೇಲೆ ಮತ್ತೆ ಹೊರಡದೆಯೂ ಇರಬಹುದು. ಆದುದರಿಂದ ನಿಯಾಮಕವು ನೀರಿನ ಕಾವಲುಗಾರನಾದರೆ ಸಾಲದು, ಬ್ಯಾಟರಿಯ ಪಾರುಪತ್ಯಗಾರನೂ ಆಗಿರಬೇಕು: ಬೇಕಾದುದಕ್ಕಿಂತ ಒಂದು ನಿಮಿಷವೂ ಮೊದಲೇಳಬಾರದು, ಒಂದು ನಿಮಿಷವೂ ಹೆಚ್ಚು ತಿರುಗಬಾರದು.

ಈ ದೃಷ್ಟಿಯಿಂದ ನೋಡಿದರೆ ಮಗಳು ಬೆಂಗಳೂರಿನಿಂದ ತಂದ ನಾಲ್ಕನೆಯ ಸಾಧನವೇ ಎಲ್ಲಕ್ಕಿಂತ ಮೇಲು. ಅದೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದು ಬೀಸಣಿಗೆಯನ್ನು ಒಮ್ಮೆಲೇ ಎಬ್ಬಿಸುವುದಿಲ್ಲ; ವಿದ್ಯುತ್ತನ್ನು ಕ್ಷಣಕ್ಕೆ ಅನೇಕ ಬಾರಿ ಕಡಿದು ಕಡಿದು ಕೊಟ್ಟು, ಬಿಸಿ ತುಸುವಾದರೆ ಮೆಲ್ಲಗೂ ಹೆಚ್ಚಾದರೆ ಭರದಿಂದಲೂ ತಿರುಗಿಸುತ್ತದೆ. ಮೊದಲ ಸೆಳೆತದ ಆಘಾತವಿಲ್ಲ, ದುಂದಿಲ್ಲ. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, “ಜಾಣ ಇದ್ದಾನೆ, ಆದರೆ ಈ ಮನೆಗೆ ಆಗೋದಿಲ್ಲ” ಎಂದರು.

ಕಾರಣ ಹೀಗೆ. ಬ್ಯಾಟರಿಗೆ ಎರಡು ಅಗ್ರಗಳು, ಒಂದು ಧನ, ಇನ್ನೊಂದು ಋಣ. ಎರಡರಲ್ಲೊಂದನ್ನು ಬಂಡಿಯ ಮೈಗೇ ಕಟ್ಟಿ, ಮೈಯನ್ನೇ ಒಂದು ತಂತಿಯಂತೆ ಬಳಸಿಕೊಳ್ಳುವುದು ರೂಢಿ. ಆ ಕಾಲದ ಬ್ರಿಟಿಷ್ ಬಂಡಿಗಳಲ್ಲಿ ಮೈಗೆ ಕಟ್ಟುತ್ತಿದ್ದುದು ಧನವನ್ನು. ೧೯೬೦ರ ದಶಕದ ನಡುವಿನಿಂದೀಚೆಗೆ ಅವು ಒಂದೊಂದಾಗಿ ಬದಲಾದವು, ಎಂ.ಜಿ.ಬಿ. ಬಂಡಿ ೧೯೬೭ರಲ್ಲಿ ಬದಲಾಯಿತು. ಇಂದು ಎಲ್ಲ ಬಂಡಿಗಳೂ ನೆಲೆಯೂರಿರುವುದು ಋಣದ ಮೇಲೆ. ಇದನ್ನು ಕೇಳಿ ವೈದ್ಯರು ನಕ್ಕರು. ಬೀಸಣಿಗೆಯ ಮೋಟಾರಿಗೆ ಇದರಿಂದ ಬಾಧೆಯಿಲ್ಲ. ತಂತಿಗಳು ಅದಲುಬದಲಾದರೆ ಹಿಂದುಮುಂದಾಗಿ ತಿರುಗುತ್ತದೆ, ತಿರುಗಿಸಿ ಕಟ್ಟಿದರೆ ಸರಿಹೋಗುತ್ತದೆ. ಬಿಲ್ಲೆಗೂ ಸಾಮಾನ್ಯ ರಿಲೇಗೂ ಧನವಾದರೇನು, ಋಣವಾದರೇನು, ಅವು ಸಮಚಿತ್ತರು. ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಗಲ್ಲ. ತಪ್ಪಾಗಿ ಕಟ್ಟಿದರೆ ಒಂದೇ ಕ್ಷಣದಲ್ಲಿ ಪ್ರಾಣ ಬಿಡುತ್ತದೆ. ಪೆಟ್ಟಿಗೆಯನ್ನೂ ಅದರ ಶಾಖಗ್ರಾಹಿಯನ್ನೂ ಬಂಡಿಯ ಮೈಗೆ ಎಲ್ಲಿಯೂ ತಾಗದಂತೆ ಬೇರ್ಪಡಿಸಿ ಕೂರಿಸಬಹುದೆಂಬುದು ನಿಜ. ಆದರೆ ಎಂದೋ ಒಂದು ದಿನ ಹೆದ್ದಾರಿಯ ಬದಿಯ ಹುಡುಗನೊಬ್ಬನು ಸದುದ್ದೇಶದಿಂದಲೇ ಒಂದು ತಿರುಪನ್ನು ತಗಡಿಗೆ ತಾಗಿಸಿ ಬಿಗಿದರೆ ಮುಗಿಯಿತು. ಇಡೀ ಬಂಡಿಯನ್ನೇ ಋಣಕ್ಕೆ ತಿರುಗಿಸಲೂ ಬರುತ್ತದೆ. ಬ್ಯಾಟರಿಯನ್ನು ಮಗುಚಿ, ಡೈನಮೊವಿಗೆ ಹೊಸ ದಿಕ್ಕನ್ನು ಕಲಿಸಿ, ಕಿಡಿಯ ಸುರುಳಿಯ ತಂತಿಗಳನ್ನು ಬದಲಿಸಬೇಕು. ಅಂಗೈಯಗಲದ ಪೆಟ್ಟಿಗೆಗಾಗಿ ಬಂಡಿಯ ಭೂಮಿಯನ್ನೇ ಅಲುಗಿಸುವುದು ವೈದ್ಯರಿಗೆ ಸರಿತೋರಲಿಲ್ಲ. ಆಲ್ಟರ್ನೇಟರೂ ಋಣಾಗ್ರದ ಮೈಯೂ ಇರುವ ಬಂಡಿಗಾದರೆ ಆ ಪೆಟ್ಟಿಗೆಯನ್ನೇ ಕೊಳ್ಳತಕ್ಕದ್ದು. ಈ ವಿಷಯದಲ್ಲಿ ಮೇಸ್ತ್ರಿಗೂ ಸಂಶಯವಿರಲಿಲ್ಲ.

ಕೊನೆಗೆ ಬಿಲ್ಲೆಯೂ ರಿಲೇಯೂ ಗೆದ್ದವು. ಎಂಜಿನ್ನಿನಿಂದ ರೇಡಿಯೇಟರಿಗೆ ಬಿಸಿನೀರು ಬರುವ ಮೇಲಣ ರಬ್ಬರು ಕೊಳವೆಯನ್ನು ಕತ್ತರಿಸಿ, ನಡುವೆ ಒಂದು ಲೋಹದ ಕೊರಳನ್ನು ಸೇರಿಸಿ, ಅದರಲ್ಲಿ ಬಿಲ್ಲೆಯ ಸ್ವಿಚ್ಚನ್ನು ತಿರುಗಿಸಿ ಕೂರಿಸಿದರು. ಎರಡು ಕಡೆಯೂ ರಬ್ಬರಿರುವುದರಿಂದ ಆ ಕೊರಳಿಗೆ ಬಂಡಿಯ ಮೈಯ ಸಂಬಂಧವಿರುವುದಿಲ್ಲ; ಒಂದೇ ತಂತಿಯ ಸ್ವಿಚ್ಚನ್ನು ಅಲ್ಲಿಟ್ಟು ಬೀಸಣಿಗೆ ಏಕೆ ಏಳದೆಂದು ತಲೆ ಕೆಡಿಸಿಕೊಂಡವರುಂಟು. ಮೇಸ್ತ್ರಿ ಕೊರಳಿಂದ ಮೈಗೆ ಬೇರೆಯೇ ಒಂದು ತಂತಿಯನ್ನೆಳೆದರು. ಮೋಟಾರಿಗೆ ಬ್ಯಾಟರಿಯಿಂದಲೇ ಫ್ಯೂಜಿನ ಮೂಲಕ ದಪ್ಪ ತಂತಿ. ರಿಲೇಯ ಸುರುಳಿಗೆ ಮಾತ್ರ ಬೀಗದ ಕೈಯ ಕಡೆಯಿಂದ ಸಣ್ಣ ತಂತಿ. ಮೋಟಾರಿಗೂ ಬೀಗದ ಕಡೆಯಿಂದಲೇ ಕೊಟ್ಟಿದ್ದರೆ, ಬೀಗ ತಿರುಗಿಸಿದ ಮೇಲೂ ಸುತ್ತುತ್ತಿರುವ ಬೀಸಣಿಗೆ ತಾನೇ ಒಂದು ಪುಟ್ಟ ಡೈನಮೊ ಆಗಿ ಕಿಡಿಗೆ ವಿದ್ಯುತ್ತನ್ನುಣಿಸಿ, ಆರಿಸಿದ ಎಂಜಿನ್ನನ್ನು ಒಂದೆರಡು ಕ್ಷಣ ಓಡಿಸುವುದುಂಟು.

ಆದರೆ ವೈದ್ಯರು ತಮ್ಮ ಕೈಗುಂಡಿಯ ಪಟ್ಟನ್ನು ಬಿಡಲಿಲ್ಲ. ನೀರು ಸೋರಿ ಮಟ್ಟ ಇಳಿದರೆ ಬಿಲ್ಲೆಯ ಸುತ್ತ ನೀರೇ ಇರುವುದಿಲ್ಲ. ಬರಿಯ ಗಾಳಿಯಲ್ಲಿ ಅದಕ್ಕೆ ಎಂಜಿನ್ನಿನ ಶಾಖ ಸರಿಯಾಗಿ ತಿಳಿಯದು. ಅಪಾಯ ಅತ್ಯಂತ ದೊಡ್ಡದಾದಾಗಲೇ ಕಾವಲುಗಾರ ನಿದ್ದೆಹೋಗಬಹುದು. ಇದು ಅವರ ವಾದ, ಅದು ಸರಿಯೂ ಹೌದು. ಮಗಳ ವಾದ, ಗುಂಡಿಯಿದ್ದರೆ ತಂದೆ ಪಕ್ಕದಲ್ಲಿ ಕುಳಿತಾಗ ಬ್ಯಾಟರಿಯನ್ನು ಉಳಿಸುವೆನೆಂದು ಬೀಸಣಿಗೆಯನ್ನು ಆರಿಸಿಯಾರು ಎಂದು. ಮೇಸ್ತ್ರಿ ಎರಡಕ್ಕೂ ಒಂದೇ ಉತ್ತರ ಕೊಟ್ಟರು. ಗುಂಡಿಯನ್ನು ಬಿಲ್ಲೆಗೆ ಸಮಾನಾಂತರವಾಗಿ ಕಟ್ಟಿದರು. ಆಗ ಬಿಲ್ಲೆಯಾಗಲಿ ಗುಂಡಿಯಾಗಲಿ, ಒಂದು ಹೂಂ ಎಂದರೆ ಸಾಕು, ಬೀಸಣಿಗೆ ಏಳುತ್ತದೆ. ಬಿಲ್ಲೆ ಎಬ್ಬಿಸಿದ್ದನ್ನು ಗುಂಡಿ ಮಲಗಿಸಲಾರದು. ಮನುಷ್ಯನ ಕೈಗೆ ಮಾಡಿಸುವ ಅಧಿಕಾರ ಉಂಟು, ತಡೆಯುವ ಅಧಿಕಾರವಿಲ್ಲ. ಇದರ ಜೊತೆಗೆ ಮೋಟಾರಿಗೆ ವಿದ್ಯುತ್ತು ಹೋಗುವಾಗ ಉರಿಯತಕ್ಕ ಒಂದು ಹಸುರು ದೀಪವನ್ನೂ ಇಟ್ಟರು. ಶಾಖಮಾಪಕವನ್ನೂ ಸೇರಿಸೋಣವೆ ಎಂಬ ಮಾತು ಬಂದಿತು. ಮುಂದಣ ವರ್ಷಕ್ಕೆ ಎಂದು ಅದು ನಿಂತಿದೆ.

ಬೇಸಗೆ ಕಳೆಯಿತು. ದೀಪ ನೆಲಮಂಗಲದಾಚೆ ಹತ್ತುವುದು, ಮನೆಯ ಬೀದಿಗೆ ತಿರುಗಿದ ಮೇಲೆ ಆರುವುದು ರೂಢಿಯಾಯಿತು. ಆಷಾಢದ ಒಂದು ಸಂಜೆ ಮಗಳು ನೆಲಮಂಗಲದಿಂದ ತಂದೆಗೆ ಫೋನು ಮಾಡಿದಳು. ದೀಪ ಹತ್ತಿಲ್ಲ, ಬೀಸಣಿಗೆ ಎದ್ದಿಲ್ಲ, ಆದರೆ ಏನೋ ಪಾಕ ಕಾಸಿದಂಥ ಸಿಹಿ ವಾಸನೆ ಬರುತ್ತಿದೆ ಎಂದಳು. ಹಕ್ಕಳೆ ಕಟ್ಟದಿರಲೆಂದು ಈಗ ನೀರಿಗೆ ಬೆರೆಸುವ ಗ್ಲೈಕಾಲು ಕಾದ ಕಬ್ಬಿಣದ ಮೇಲೆ ಬಿದ್ದರೆ ಬರುವ ವಾಸನೆಯದು. ವೈದ್ಯರು “ಬಂಡಿ ನಿಲ್ಲಿಸಿದೆಯಾ?” ಎಂದರು. “ನಿಲ್ಲಿಸಿಯೇ ಮಾತಾಡುತ್ತಿರುವುದು” ಎಂದಳು. ಹೊಸ ಕೊರಳಿನ ಒಂದು ಪಟ್ಟಿ ಸಡಿಲವಾಗಿದ್ದಿತು. ಆರುವವರೆಗೆ ಮುಚ್ಚಳಕ್ಕೆ ಕೈಹಚ್ಚದೆ ಮುಕ್ಕಾಲು ಗಂಟೆ ಕಾದು, ತಿರುಪು ಬಿಗಿದು, ನೀರು ಹೊಯ್ದಳು. ಎರಡು ಲೋಟ ಹಿಡಿಯಿತಂತೆ.